ಎಡಗೈಯ ಸಿವುಡು

ಆವತ್ತು ಆಸ್ಪತ್ರೆಯಲ್ಲಿ ನನ್ನ ಬಾಯಿ ಸುಮ್ಮನಿದ್ದಿದ್ದರೆ ಇದ್ಯಾವುದೂ ನಡೆಯುತ್ತಿರಲಿಲ್ಲ. ಕೊರೋನಾಕ್ಕೆ ಒಂದು ವರ್ಷ ಮೊದಲಿನ ಮಾತು. ಬಸ್ ಸ್ಟಾಪಿನ ಹತ್ತಿರ ಹೆಪ್ಪುಗಟ್ಟಿದ ನೀರಿನ ಮೇಲೆ ಜಾರಿ, ಮಣಿಕಟ್ಟು ಮುರಿದುಕೊಂಡು, ಐರ್ಲೆಂಡಿನ ಡಬ್ಲಿನ್ ಪಕ್ಕದ ಟಾಲಾದ ದೊಡ್ಡ ಆಸ್ಪತ್ರೆಯಲ್ಲಿ ಕೂತಿದ್ದೆ. ನರ್ಸ್ ಬಂದು ಸೂಜಿ ಚುಚ್ಚಿದಳು. ಮುಖ ನೋಡಿದರೆ ಫಿಲಿಪ್ಪೀನ್ಸಿನವಳೋ ಏನೋ, ಇವಳಿಗೆ ಏನು ಅರ್ಥವಾದೀತು ಅಂದುಕೊಂಡು, "ಅಯ್ಯೋ, ನಿನ್ ಮನೆ ಹಾಳಾಗ" ಅಂದೆ.

"ನಮ್ಮನೆ ಯಾಕ್ ಮೇಡಂ ಹಾಳಾಗ್ಬೇಕು? ಐಸ್ ಮೇಲೆ ಕುಣಿದೋರು ನೀವು," ಅಂದಳು ಅವಳು, ಅಚ್ಚ ಮೈಸೂರು ಕಡೆಯ ಕನ್ನಡದಲ್ಲಿ, ಸೂಜಿಯಿಂದ ಕಣ್ಣೆತ್ತದೆ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಅವಳು ಬೈಲಕುಪ್ಪೆಯವಳು, ಅಲ್ಲಿನ ಟಿಬೆಟನ್ ಕ್ಯಾಂಪಿನಲ್ಲಿ ಹುಟ್ಟಿ ಬೆಳೆದವಳು. ನಾನು ಹುಣಸೂರಿನ ಕಡೆಯವಳು. ಚಳಿಗಾಲಕ್ಕೆ ಅವರ ಜನ ಮಾರಲು ತರುತ್ತಿದ್ದ ಸ್ವೆಟರ್ ಹಾಕಿಕೊಂಡೇ ಹೈಸ್ಕೂಲು ಮುಗಿಸಿದವಳು. ನನ್ನ ಕೈಯ ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಅವಳು ನನಗೆ ತಂಗಿಯಾಗಿದ್ದಳು, ನಾನು ಅವಳಿಗೆ ಅಕ್ಕನಾಗಿದ್ದೆ.

ಮುಂದಿನ ಫೆಬ್ರವರಿಯಲ್ಲಿ ಅವಳ ತಾಯಿ ಮೂರು ತಿಂಗಳ ವೀಸಾದಲ್ಲಿ ಮಗಳನ್ನು ನೋಡಲು ಬಂದರು. ಬಂದು ತಿಂಗಳು ಕಳೆದಿರಲಿಲ್ಲ, ಶಾಲೆ, ಅಂಗಡಿ, ವಿಮಾನ ಎಲ್ಲವೂ ಒಂದೊಂದಾಗಿ ಮುಚ್ಚಿದವು. ತಂಗಿಯ ಫೋನು ಬಂತು.

"ಅಕ್ಕಾ, ನನ್ನ ಕೋವಿಡ್ ವಾರ್ಡಿಗೆ ಹಾಕಿದಾರೆ. ನಮ್ಮನೇಲಿ ಇರೋದು ಒಂದೇ ರೂಮು. ವಾರ್ಡಿಂದ ಬಂದು ಅಮ್ಮನ ಪಕ್ಕ ಹೆಂಗ್ ಮಲಗ್ಲಿ? ಒಂದೆರಡು ವಾರ ನಿಮ್ಮನೇಲಿ..."

"ಅದನ್ನೇನೆ ಕೇಳೋದು? ಕರ್ಕೊಂಡ್ ಬಾ," ಅಂದೆ.

ಎರಡು ವಾರ ಅಂದದ್ದು ಒಂದೂವರೆ ವರ್ಷವಾಯಿತು. ಇಲ್ಲಿನ ಸರ್ಕಾರ ವೀಸಾಗಳನ್ನು ತಾನಾಗಿಯೇ ಮುಂದಕ್ಕೆ ಹಾಕುತ್ತಾ ಹೋಯಿತು. ನಾವೂ ಅಮ್ಮನ ಹಾಸಿಗೆಯನ್ನು ಮಡಿಸುವ ಗೋಜಿಗೆ ಹೋಗಲಿಲ್ಲ.

ಅಮ್ಮ ಗಿಡ್ಡ, ಗಟ್ಟಿ ಹೆಂಗಸು. ಉದ್ದ ಲಂಗದಂಥ ಉಡುಪು, ಮುಂದೆ ಬಣ್ಣದ ಪಟ್ಟೆಯ ಬಟ್ಟೆ. ಪಿರಿಯಾಪಟ್ಟಣದ ಸಂತೆಯಲ್ಲಿ ಕಲಿತ ಕನ್ನಡ ಅವರದು. ಬೈಗುಳವೂ ಅಲ್ಲಿಂದಲೇ ಬಂದದ್ದು. ಎಡಚಿ. ಊಟ, ಕೆಲಸ, ನನ್ನ ತಲೆಗೊಂದು ಮೊಟಕುವುದು ಎಲ್ಲವೂ ಎಡಗೈಯಲ್ಲೇ. ಇಂಗ್ಲಿಷಿನಲ್ಲಿ ಅವರು ಕಲಿತದ್ದು ಒಂದೇ ಪದ, ಇಲ್ಲಿನವರು ಸರಿ, ಚೆನ್ನಾಗಿದೆ ಎನ್ನಲು ಬಳಸುವ 'ಗ್ರ್ಯಾಂಡ್'. ಪಕ್ಕದ ಮನೆಯ ಐರಿಷ್ ಮುದುಕಪ್ಪ ಬೇಲಿಯಾಚೆಯಿಂದ ಏನು ಹೇಳಿದರೂ ಇವರು "ಗ್ರ್ಯಾಂಡ್, ಗ್ರ್ಯಾಂಡ್" ಅನ್ನುವುದು. ಅಷ್ಟರಲ್ಲೇ ಅವರಿಬ್ಬರ ನಡುವೆ ದಿನಕ್ಕೆ ಅರ್ಧ ಗಂಟೆ ಮಾತುಕತೆ ನಡೆಯುತ್ತಿತ್ತು.

ಭಾನುವಾರ ತಂಗಿ ಬರುತ್ತಿದ್ದಳು. ಗೇಟಿನ ಹತ್ತಿರ ನಿಲ್ಲುವಳು, ಅಮ್ಮ ಕಿಟಕಿಯ ಒಳಗೆ. ಮಾಸ್ಕಿನ ಗುರುತು ಅವಳ ಮೂಗಿನ ಮೇಲೆ ಕೆಂಪಗೆ ಕೂತಿರುತ್ತಿತ್ತು. ಅಮ್ಮ ಗಾಜಿನ ಈ ಕಡೆಯಿಂದಲೇ, ಊಟ ಮಾಡಿದೆಯಾ, ತಲೆಗೆ ಎಣ್ಣೆ ಹಾಕಿದೆಯಾ ಎಂದು ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದರು. ಅವಳು ಹೋದ ಮೇಲೆ ಒಂದು ಗಂಟೆ ಹಿತ್ತಲಿನಲ್ಲಿ ಸುತ್ತುತ್ತಿದ್ದರು.

ಅಂಥ ಒಂದು ಭಾನುವಾರದ ಮಾರನೆಯ ದಿನವೇ ಲಾನು ಹೋದದ್ದು. ನನ್ನ ಗಂಡ ಬೆಂಗಳೂರಿನ ಸಾಫ್ಟ್‌ವೇರ್ ಮನುಷ್ಯ. ಈ ದೇಶದಲ್ಲಿ ಅವರಿಗಿದ್ದ ಒಂದೇ ಹೆಮ್ಮೆ ಎಂದರೆ ಹಿತ್ತಲಿನ ಆ ಹುಲ್ಲು; ಕತ್ತರಿಸುವುದೇನು, ಅದಕ್ಕೆ ಗೊಬ್ಬರವೇನು, ಬಾಚುವುದೇನು! ಮೀಟಿಂಗ್ ಮುಗಿಸಿ ಮಹಡಿಯಿಂದ ಇಳಿದು ಬರುವಷ್ಟರಲ್ಲಿ ಅಮ್ಮ ಮುಕ್ಕಾಲು ಭಾಗ ಅಗೆದು ಹಾಕಿದ್ದರು. ಮುದುಕಪ್ಪ ತನ್ನ ಪಾರಿವಾಳದ ಕಾಳಿನ ಚೀಲದಿಂದ ಎರಡು ಬೊಗಸೆ ಜವೆಗೋಧಿಯನ್ನು, ಅದೇ ಬಾರ್ಲಿಯನ್ನು, ಬೇಲಿಯ ಮೇಲಿಂದ ದಾಟಿಸಿದ್ದ.

"ಏನಮ್ಮಾ ಇದು?" ಅಂದರು ನನ್ನ ಗಂಡ, ಅಳುವುದೊಂದು ಬಾಕಿ.

"ಹುಲ್ಲು ಯಾರಾದ್ರೂ ತಿಂತಾರಾ? ದನ ಇಲ್ಲ, ಕರ ಇಲ್ಲ. ಸುಮ್ನೆ ಬೆಳೆಸೋದು, ಸುಮ್ನೆ ಕತ್ತರಿಸೋದು. ಬುದ್ಧಿ ಐತಾ ನಿಂಗೆ?" ಅಂದರು ಅಮ್ಮ.

ನನ್ನ ಗಂಡ ಎರಡು ದಿನ ಮುನಿಸಿಕೊಂಡಿದ್ದರು. ಮೂರನೆಯ ದಿನ ನೀರು ಹಾಕುವ ಪೈಪು ಹಿಡಿದು ನಿಂತರು. ಜೂನಿನ ಹೊತ್ತಿಗೆ, ಅಕ್ಕಪಕ್ಕದ ಹಿತ್ತಲುಗಳಲ್ಲೆಲ್ಲ ಟ್ರಾಂಪೊಲಿನ್, ನಮ್ಮಲ್ಲಿ ಮಾತ್ರ ಸೊಂಟದುದ್ದ ಜವೆಗೋಧಿ. ಗಾಳಿಗೆ ಅದು ಬಾಗಿ ಏಳುವುದನ್ನು ನೋಡಲು ನನ್ನ ಗಂಡ ಲ್ಯಾಪ್‌ಟಾಪನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡರು.

ಆಗಸ್ಟಿನಲ್ಲಿ ಕೊಯ್ಲು. ನಾನು ರಾಗಿ ಕೊಯ್ದು ಬೆಳೆದವಳು. ಕೊಯ್ದ ಹಿಡಿಗಳನ್ನು ಅರಿ ಹಾಕುವುದು, ಅರಿಗಳನ್ನು ಸೇರಿಸಿ ಸಿವುಡು ಕಟ್ಟುವುದು ಯಾರೂ ನನಗೆ ಕಲಿಸಬೇಕಾಗಿಲ್ಲ. ಹುಲ್ಲಿನ ಹುರಿ ಮಾಡಿ ಸುತ್ತಿ ಒಂದು ತಿರುವು ಕೊಟ್ಟು ಸಿಕ್ಕಿಸಿದೆ. ಅಮ್ಮ ಅದನ್ನು ಬಿಚ್ಚಿ ಎಸೆದರು.

"ಹಂಗಲ್ಲ. ಎರಡು ತಿರುವು. ಆಮೇಲೆ ಒಂದು ಕುಣಿಕೆ. ತುದಿ ಎಡಕ್ಕೆ ಸಿಕ್ಸು."

"ನಮ್ಮೂರಲ್ಲಿ ಹಿಂಗೇ ಕಟ್ಟೋದಮ್ಮಾ. ಯಾವತ್ತೂ ಬಿಚ್ಚಿಲ್ಲ."

"ನಿಮ್ಮೂರ್ದು ನಿಮ್ಮೂರಲ್ಲಿ ಕಟ್ಕೋ. ಇಲ್ಲಿ ಬಾ, ಪಕ್ಕದಲ್ಲಿ ಕೂತ್ಕೊ."

ನನಗೂ ಸಿಟ್ಟು ಬಂತು. ಆದರೂ ಕೂತೆ. ಅವರ ಎಡಗೈ ಹೇಗೆ ಹೋಯಿತೋ ನನ್ನ ಎಡಗೈಯೂ ಹಾಗೇ ಹೋಗುವವರೆಗೆ ಬಿಡಲಿಲ್ಲ. ಇದ್ದದ್ದೇ ಒಂದಿಪ್ಪತ್ತು ಸಿವುಡಿನ ಬೆಳೆ. ಅಷ್ಟನ್ನೂ ಕಟ್ಟಿಸಿ ಬಿಚ್ಚಿಸಿ, ಮತ್ತೆ ಕಟ್ಟಿಸಿದರು. ಕೊನೆಗೆ ಹಿಂಬಾಗಿಲ ಮೆಟ್ಟಿಲ ಮೇಲೆ ಟೀ ಕುಡಿಯುತ್ತಾ, ನಾನು ಕೇಳದೆಯೇ ಅವರ ಕಥೆ ಹೊರಬಂತು.

ಅವರು ಹುಟ್ಟಿದ್ದು ನೇಪಾಳದ ಉತ್ತರದ ಮೂಲೆಯ ಒಂದು ಕಣಿವೆಯಲ್ಲಿ. ಟಿಬೆಟನ್ ಮಾತು, ಟಿಬೆಟನ್ ಬೇಸಾಯ. ಒಂಬತ್ತು ವರ್ಷದವರಿದ್ದಾಗ ಸೋದರಮಾವ ಉಪ್ಪಿನ ವ್ಯಾಪಾರಕ್ಕೆ ಕೆಳಗೆ ಹೊರಟ. ಬಯಲು ಸೀಮೆ ನೋಡಬೇಕು ಎಂದು ಇವರು ಹಟ ಹಿಡಿದರು. ಒಂದು ಚಳಿಗಾಲ ಮಾತ್ರ ಎಂದು ಕರೆದುಕೊಂಡು ಹೋದ. ಕೆಳಗೆ ಅವನಿಗೆ ಜ್ವರ ಬಂತು, ಸತ್ತೇ ಹೋದ. ಟಿಬೆಟಿನಿಂದ ತಪ್ಪಿಸಿಕೊಂಡು ಬಂದಿದ್ದ ಒಂದು ಸಂಸಾರ ಈ ಹುಡುಗಿಯನ್ನು ತಮ್ಮ ಮಕ್ಕಳ ಜೊತೆ ಸೇರಿಸಿಕೊಂಡು, ರೈಲು ಹತ್ತಿಸಿ, ಕರ್ನಾಟಕಕ್ಕೆ ಕರೆತಂದಿತು. ಕಾಡು ಕಡಿದು, ಜೋಳ ಬಿತ್ತಿ, ಮದುವೆಯಾಗಿ, ಮಗಳನ್ನು ಓದಿಸಿ ಅರವತ್ತು ವರ್ಷವಾಗುತ್ತಾ ಬಂತು.

"ಒಳ್ಳೇ ಜನ ಸಾಕಿದ್ರು. ನಂಗೇನೂ ಕಮ್ಮಿ ಆಗ್ಲಿಲ್ಲ," ಅಂದರು. "ಒಂದೇ ಒಂದು ಐತೆ. ನಾ ಹಟ ಮಾಡ್ಕೊಂಡು ಹೋದವ್ಳು. ವಾಪಸ್ ಬರ್ಲಿಲ್ಲ. ನನ್ನ ಹುಡುಕಿದ್ರಾ? ಇಲ್ಲ, ಹೋದ್ರೆ ಹೋಗ್ಲಿ, ಒಂದು ಬಾಯಿ ಕಮ್ಮಿ ಆಯ್ತು ಅಂದ್ರಾ? ಅದು ಗೊತ್ತಾಗ್ಬೇಕಾಗಿತ್ತು."

ಹಗುರವಾಗಿ ಹೇಳಿ, ಲೋಟ ತೊಳೆಯಲು ಎದ್ದು ಹೋದರು. ಅರವತ್ತು ವರ್ಷ ಒಂದೇ ಪ್ರಶ್ನೆಯನ್ನು ಒಳಗಿಟ್ಟುಕೊಂಡು ಜೋಳ ಬಿತ್ತಿದ್ದಾರಲ್ಲ ಈಕೆ!

ಹೋಗಿ ಕೇಳಿ ಬರೋಣ ಎಂದರೆ ಗುರುತುಗಳೇ ಇರಲಿಲ್ಲ. ಇವರ ಹೆಸರನ್ನು ಕ್ಯಾಂಪಿನಲ್ಲಿ ಗುರುಗಳು ಹೊಸದಾಗಿ ಇಟ್ಟದ್ದು. ಊರಲ್ಲಿ ಎಲ್ಲರೂ ಪುಟ್ಟಿ ಎನ್ನುವ ಅರ್ಥದಲ್ಲಿ ಕರೆಯುತ್ತಿದ್ದರಂತೆ. ಅಪ್ಪನ ಹೆಸರು ಅಪ್ಪ. ಮನೆಯ ಬಾಗಿಲು ನದಿಯ ಕಡೆಗೆ. ಎದುರಿಗೆ ಕೆಂಪು ಬಂಡೆ, ಅದರ ತುಂಬ ಗುಹೆಗಳು. ಇಷ್ಟೇ. ತಂಗಿ ಅಷ್ಟನ್ನೇ ಹಿಡಿದುಕೊಂಡು, ಡ್ಯೂಟಿ ಇಲ್ಲದ ದಿನಗಳಲ್ಲಿ ನಕ್ಷೆ ನೋಡಿ ನೋಡಿ, ಕೆಂಪು ಬಂಡೆಯ ಒಂದು ಕಣಿವೆ ಹುಡುಕಿದಳು. ಅದರಲ್ಲಿ ನಾಲ್ಕು ಹಳ್ಳಿಗಳಿದ್ದವು.

ಮರುವರ್ಷ ಎಲ್ಲರಿಗೂ ಎರಡೆರಡು ಡೋಸ್ ಆಯಿತು. ಸೆಪ್ಟೆಂಬರಿನಲ್ಲಿ ನೇಪಾಳ ಪ್ರವಾಸಿಗಳಿಗೆ ಬಾಗಿಲು ತೆರೆಯಿತು. ಅಮ್ಮನ ಮಂಡಿ, ಅಮ್ಮನ ಬಿಪಿ ನೋಡಿ ಡಾಕ್ಟರು ಅಷ್ಟು ಎತ್ತರಕ್ಕೆ ಹೋಗುವ ಮಾತೇ ಬೇಡ ಎಂದರು. ಅಮ್ಮ ನನ್ನ ಕಡೆ ತಿರುಗಿದರು.

"ನೀನು ಹೋಗವ್ವ ಇವಳ ಜೊತೆ. ನನ್ನ ಮಗಳು ದಾರಿ ಕೇಳಕ್ಕೂ ನಾಚ್ಕೋತಾಳೆ. ನಿಂಗೆ ಬಾಯಿ ಐತೆ."

ಇದು ಹೊಗಳಿಕೆಯೋ ತೆಗಳಿಕೆಯೋ ಎಂದು ಯೋಚಿಸುವ ಮೊದಲೇ ಒಪ್ಪಿಕೊಂಡಿದ್ದೆ. ತರಬೇತಿಯೆಂದು ಬೆನ್ನಿಗೆ ಹತ್ತು ಕಿಲೋ ಅಕ್ಕಿಯ ಚೀಲ ಹೊತ್ತು ನಾವಿರುವ ಲೂಕನ್‌ನ ಬೀದಿಗಳನ್ನು ಸುತ್ತಿದೆ. ಒಂದೇ ಅಚ್ಚಿನ ಮನೆಗಳು, ಒಂದೇ ಥರದ ಗೇಟು. ಎರಡು ಸಲ ಬೇರೆಯವರ ಮನೆಯ ಬೆಲ್ ಒತ್ತಿದ್ದೂ ಉಂಟು. ಇಲ್ಲಿ ಗುಡ್ಡ ಅನ್ನುವ ವಸ್ತುವೇ ಇಲ್ಲ. ಸೇತುವೆಯ ಮೆಟ್ಟಿಲನ್ನು ಇಪ್ಪತ್ತು ಸಲ ಹತ್ತಿ ಇಳಿದು, ಹಿಮಾಲಯ ಇಷ್ಟೇ ತಾನೆ ಎಂದು ಬೀಗಿದೆ.

ಇಷ್ಟೇ ಅಲ್ಲ ಎಂದು ಮೊದಲನೆಯ ದಿನವೇ ತಿಳಿಯಿತು. ಜೀಪು ಬಿಟ್ಟ ಜಾಗದಿಂದ ಐದು ದಿನದ ನಡಿಗೆ. ಮರವಿಲ್ಲ, ನೆರಳಿಲ್ಲ. ಮಧ್ಯಾಹ್ನವಾದರೆ ಸಾಕು, ಗಾಳಿ ಎದುರಿನಿಂದ ತಳ್ಳುತ್ತದೆ. ನಮ್ಮ ಗೈಡ್ ಐವತ್ತು ದಾಟಿದ ಮನುಷ್ಯ, ನನ್ನ ಹಿಂದಿಯನ್ನು ಕೇಳಿ ಮೀಸೆಯಲ್ಲೇ ನಗುತ್ತಿದ್ದ. ನಾಲ್ಕು ಸಾವಿರ ಮೀಟರ್ ದಾಟುವ ಕಣಿವೆಯ ಬಾಗಿಲಲ್ಲಿ ನಾನು ಒಂದು ಹೆಜ್ಜೆಗೆ ಮೂರು ಉಸಿರು ತೆಗೆಯುತ್ತಾ, "ಯಾವ ಕರ್ಮಕ್ಕೆ ಬಂದ್ನೋ" ಎಂದು ಗೊಣಗುತ್ತಿದ್ದೆ. ಆ ಕಡೆ ಇಳಿದಾಗ ಕೆಳಗೆ ಕಂಡದ್ದನ್ನು ನೋಡಿ ಗೊಣಗುವುದು ಮರೆತೇಹೋಯಿತು. ಸುತ್ತ ಬೋಳು ಬೆಟ್ಟ, ನಡುವೆ ಅಂಗೈಯಗಲ ಹಳದಿ. ಮಾಗಿದ ಜವೆಗೋಧಿ. ಅದರ ಅಂಚಿಗೆ ಸುಣ್ಣ ಬಳಿದ ಮಣ್ಣಿನ ಮನೆಗಳು, ಚಪ್ಪಟೆ ಮಾಳಿಗೆಗಳ ಮೇಲೆ ಸೌದೆಯ ಸಾಲು, ಗೋಡೆಯ ತುಂಬ ತಟ್ಟಿದ ಬೆರಣಿ. ಬೆರಣಿ ಕಂಡದ್ದೇ ನನಗೆ ತವರಿಗೆ ಬಂದಷ್ಟು ಸಂತೋಷವಾಯಿತು.

ಮೊದಲ ಹಳ್ಳಿಯಲ್ಲಿ ಉಪ್ಪು ಬೆಣ್ಣೆ ಹಾಕಿದ ಟೀ ಕೊಟ್ಟರು. ಟೀ ಎಂದು ಕುಡಿದರೆ ಕಷ್ಟ, ಸಾರು ಎಂದು ಕುಡಿದರೆ ಅಮೃತ. ಜೊತೆಗೆ ಹುರಿಹಿಟ್ಟು. ರಾಗಿ ಹುರಿಹಿಟ್ಟು ತಿಂದು ಬೆಳೆದವಳಿಗೆ ಜವೆಗೋಧಿಯ ಹುರಿಹಿಟ್ಟು ಏನು ಹೊಸದು? ನಾನು ಅಂಗೈಯಲ್ಲಿ ನಾದಿ ಉಂಡೆ ಕಟ್ಟಿ ಬಾಯಿಗೆ ಹಾಕಿಕೊಂಡದ್ದನ್ನು ನೋಡಿ ಮನೆಯೊಡತಿ ಚಪ್ಪಾಳೆ ತಟ್ಟಿದಳು. ಆದರೆ ಅರವತ್ತು ವರ್ಷದ ಹಿಂದೆ ಕೆಳಗೆ ಹೋಗಿ ಬಾರದ ಪುಟ್ಟಿಯ ಬಗ್ಗೆ ಕೇಳಿದರೆ ತಲೆಯಾಡಿಸಿದಳು. ಆ ಕಾಲಕ್ಕೆ ಎಷ್ಟೋ ಮಕ್ಕಳು ಹೋದವಂತೆ. ಎರಡನೆಯ ಹಳ್ಳಿಯಲ್ಲೂ ಅದೇ ಮಾತು, ಮೂರನೆಯದರಲ್ಲೂ ಅದೇ. ಬಾಗಿಲು ನದಿಯ ಕಡೆಗಿರುವ ಮನೆ ಯಾವುದು ಎಂದರೆ ಜನ ನಗುತ್ತಿದ್ದರು. ಗಾಳಿಗೆ ಬೆನ್ನು ಹಾಕಿ ಕಟ್ಟಿದ ಮನೆಗಳು. ಎಲ್ಲ ಬಾಗಿಲೂ ನದಿಯ ಕಡೆಗೇ.

ತಂಗಿಯ ಮುಖ ದಿನದಿಂದ ದಿನಕ್ಕೆ ಸಣ್ಣದಾಯಿತು. "ಇಲ್ಲ ಅಂತ ಹೋಗಿ ಹೆಂಗ್ ಹೇಳ್ಲಿ ಅಕ್ಕಾ? ಅಮ್ಮ ಬಾಗಿಲಲ್ಲೇ ನಿಂತಿರ್ತಾಳೆ," ಅಂದಳು.

"ಇನ್ನೂ ಒಂದೂರೈತೆ. ಸುಮ್ನೆ ನಡಿ," ಅಂದೆ. ಧೈರ್ಯ ನನಗೂ ಇರಲಿಲ್ಲ.

ನಾಲ್ಕನೆಯ ಹಳ್ಳಿಯಲ್ಲಿ ನಮ್ಮನ್ನು ಮಾತಾಡಿಸಲು ಯಾರಿಗೂ ಪುರುಸೊತ್ತಿಲ್ಲ. ಹಿಂದಿನ ದಿನ ಮೇಲಿನ ಶಿಖರಕ್ಕೆ ಹಿಮ ಬಿದ್ದಿತ್ತು, ಬೆಳೆ ಇನ್ನೂ ಹೊಲದಲ್ಲಿತ್ತು. ಊರಿಗೆ ಊರೇ ಕುಡುಗೋಲು ಹಿಡಿದಿತ್ತು. ನಾವು ಇಳಿದುಕೊಂಡ ಮನೆಯಾಕೆ, "ಬೆಳೆ ಕಣಕ್ಕೆ ಬರ್ಲಿ, ಆಮೇಲೆ ಹಳೇ ಮಾತು," ಎಂದು ತಂಗಿಯ ಕೈಲಿ ಹೇಳಿಸಿದಳು. ಇಲ್ಲೂ ಮುಯ್ಯಾಳಿನ ಪದ್ಧತಿ. ಇವತ್ತು ಹತ್ತು ಮನೆಯವರು ಸೇರಿ ಇವಳ ಹೊಲ, ನಾಳೆ ಇನ್ನೊಬ್ಬರದು. ತಂಗಿಯನ್ನು ನರ್ಸ್ ಎಂದು ತಿಳಿದದ್ದೇ ತಡ, ಮುದುಕರೆಲ್ಲ ಬಿಪಿ ನೋಡಿಸಿಕೊಳ್ಳಲು ಅಂಗಳದಲ್ಲಿ ಸಾಲು ಹಚ್ಚಿ ಕೂತರು. ನಾನೊಬ್ಬಳು ಕೆಲಸವಿಲ್ಲದವಳು. ಕೊಯ್ಲು ನಡೆಯುತ್ತಿರುವ ಹೊಲದ ಬದುವಿನಲ್ಲಿ ಕೈ ಕಟ್ಟಿ ಕೂರುವುದು ನಮ್ಮಪ್ಪನ ಮಗಳಿಗೆ ಆಗುತ್ತದೆಯೇ? ಹೋಗಿ ಸೇರಿಕೊಂಡೆ.

ಮನೆಯಾಕೆ ಬೇಡ ಬೇಡ ಎಂದಳು, ನಾನು ಕೇಳಲಿಲ್ಲ. ಅವರು ಮುಂದೆ ಕೊಯ್ದುಕೊಂಡು ಹೋದರು, ನಾನು ಹಿಂದೆ ಅರಿಗಳನ್ನು ಬಾಚಿ ಸಿವುಡು ಕಟ್ಟುತ್ತಾ ಹೋದೆ. ಆಹಾ, ಏನು ಸಂತೋಷ! ಎರಡು ವರ್ಷ ಪರದೆಯ ಮುಂದೆ ಕೂತು ಬೆರಳಾಡಿಸಿದ್ದ ಕೈಗಳು ಇವು. ಬಿಸಿಲು, ಹುಲ್ಲಿನ ವಾಸನೆ, ಆ ಹೆಂಗಸರ ಹಾಡು. ಒಬ್ಬಳು ಒಂದು ಸಾಲು ಎತ್ತಿದರೆ ದೂರದ ಹೊಲದಿಂದ ಇನ್ನೊಬ್ಬಳು ಮುಂದಿನ ಸಾಲು ಹೇಳುತ್ತಿದ್ದಳು. ಮಾಸ್ಕಿಲ್ಲ, ಆರಡಿ ಅಂತರವಿಲ್ಲ. ಒಂದೇ ಬಟ್ಟಲ ಸುತ್ತ ಕೂತು ಉಂಡೆವು. ಮಧ್ಯಾಹ್ನದ ಹೊತ್ತಿಗೆ ನಾನು ಕಟ್ಟಿದ ಸಿವುಡುಗಳು ನೂರು ದಾಟಿದ್ದವು. ಬೇರೆ ಬೇರೆ ಮನೆಯವರು ಅವನ್ನು ಬೆನ್ನಿಗೆ ಹೇರಿಕೊಂಡು, ಕತ್ತೆಗಳ ಮೇಲೂ ಹೇರಿ, ಊರ ಕೆಳಗಿನ ಕಣಕ್ಕೆ ಸಾಗಿಸುತ್ತಿದ್ದರು.

ಸಂಜೆ ಬಿಸಿಲಿರುವಾಗಲೇ ಕಣದಲ್ಲಿ ಗಲಾಟೆ ಎದ್ದಿತು. ಊರಿಗೆಲ್ಲ ಅದೊಂದೇ ಕಣ; ಒಂದೊಂದು ಮನೆಗೆ ಒಂದೊಂದು ಮೆದೆ. ನಮ್ಮ ಮನೆಯಾಕೆಯ ಮೆದೆ ಮೊ‍ಣಕಾಲೆತ್ತರವೂ ಇಲ್ಲ. ಮೂಲೆಯ ಇನ್ನೊಂದು ಮೆದೆ ತಲೆಯೆತ್ತರ ಬೆಳೆದಿದೆ, ಆ ಮನೆಯವರ ಹೊಲ ಇನ್ನೂ ಕೊಯ್ದೇ ಇಲ್ಲ! ಮನೆಯಾಕೆ ಸೊಂಟಕ್ಕೆ ಕೈಯಿಟ್ಟು ಕೂಗುತ್ತಿದ್ದಳು. ಹೊತ್ತು ತಂದವರು ತಾವು ತಪ್ಪು ಮಾಡಿಲ್ಲ ಎಂದು ಅಷ್ಟೇ ಜೋರಾಗಿ ಕೂಗುತ್ತಿದ್ದರು. ತಂಗಿ ಬಿಪಿಯ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡೇ ಓಡಿಬಂದಳು.

"ಏನಂತೆ?" ಅಂದೆ.

"ಇಲ್ಲಿ ಒಂದೊಂದು ಮನೆಗೂ ಒಂದೊಂದು ಗಂಟಂತೆ ಅಕ್ಕಾ. ಯಾರ ಸಿವುಡು ಅಂತ ಗಂಟು ನೋಡೇ ಮೆದೆಗೆ ಹಾಕೋದಂತೆ. ಇವತ್ತು ಬಂದಿದ್ದೆಲ್ಲ ಆ ಮನೆ ಗಂಟು. ಯಾರು ಕಟ್ಟಿದ್ದು ಅಂತ ಕೇಳ್ತಿದಾರೆ."

ಊರೆಲ್ಲ ನಿಂತಿದೆ. ಶಾಲೆಯಲ್ಲಿ ಸಿಕ್ಕಿಬಿದ್ದವಳಂತೆ ಮೆಲ್ಲಗೆ ಕೈಯೆತ್ತಿದೆ. ಅತಿಥಿಯಾಗಿ ಬಂದು ಒಂದು ಮನೆಯ ಬೆಳೆಯನ್ನೆಲ್ಲ ಇನ್ನೊಂದು ಮನೆಗೆ ಸಾಗಿಸಿದ ಮಹಾತಾಯಿ ನಾನು! ಕ್ಷಮಿಸಿ ಎನ್ನಲು ಬಾಯಿ ತೆರೆದವಳು ಅಲ್ಲೇ ನಿಂತೆ. ಎರಡು ತಿರುವು, ಒಂದು ಕುಣಿಕೆ. ಇದು ನನ್ನ ಗಂಟೇ ಅಲ್ಲವಲ್ಲ. ತಂಗಿಯ ಕಡೆ ನೋಡಿದೆ. ಅವಳಿಗೂ ಆ ಕ್ಷಣಕ್ಕೆ ಹೊಳೆದಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಆ ಎತ್ತರದ ಮೆದೆಯ ಪಕ್ಕ ಒಬ್ಬ ಮುದುಕಿ ಕೂತಿದ್ದಳು, ಆ ಮನೆಯ ಯಜಮಾನಿ. ಎಪ್ಪತ್ತು ದಾಟಿದ ಎಲುಬಿನ ಹೆಂಗಸು. ಅವಳಿಗೆ ಗಲಾಟೆಯ ಮೇಲೆ ಗಮನವಿರಲಿಲ್ಲ. ಒಂದು ಸಿವುಡನ್ನು ತೊಡೆಯ ಮೇಲಿಟ್ಟುಕೊಂಡು ಗಂಟನ್ನು ಬೆರಳಿನಿಂದ ಸವರುತ್ತಿದ್ದಳು. ಇನ್ನೊಂದು ತೆಗೆದು ನೋಡಿದಳು. ಮತ್ತೊಂದು. ಆಮೇಲೆ ನನ್ನನ್ನು ಹತ್ತಿರ ಕರೆದು, ಕೈಗೆ ಒಂದು ಹಿಡಿ ಹುಲ್ಲು ಕೊಟ್ಟು, ಕಟ್ಟು ಎಂದು ಸನ್ನೆ ಮಾಡಿದಳು.

ಕಟ್ಟಿದೆ. ಎರಡು ತಿರುವು, ಕುಣಿಕೆ, ತುದಿಯನ್ನು ಎಡಗೈಯಿಂದ ಎಡಕ್ಕೆ. ಸಿಕ್ಕಿಸಿದ್ದೇ ತಡ, ಮುದುಕಿ ನನ್ನ ಮಣಿಕಟ್ಟಿಗೆ ಫಟ್ಟನೆ ಒಂದು ಏಟು ಕೊಟ್ಟಳು. ಮುರಿದು ಕೂಡಿದ್ದ ಅದೇ ಮಣಿಕಟ್ಟು. ಆಮೇಲೆ ಆ ಕೈಯನ್ನೇ ಹಿಡಿದುಕೊಂಡು ಗೊಳೋ ಎಂದು ಅತ್ತಳು.

ಅಳುತ್ತಲೇ ಮುದುಕಿ ಹೇಳಿದ್ದನ್ನು ತಂಗಿ ಕನ್ನಡಕ್ಕೆ ಮಾಡಿ ಹೇಳಿದಳು. "ನಮ್ಮನೆಯವರೆಲ್ಲ ತುದಿ ಬಲಕ್ಕೆ ಸಿಕ್ಸೋದು ಅಂತಿದಾರೆ ಅಕ್ಕಾ. ಎಡಕ್ಕೆ ಸಿಕ್ಸೋಳು ಒಬ್ಳೇ ಇದ್ಲಂತೆ, ಇವರ ತಂಗಿ. ದಿನಾ ಹಿಂಗೇ ಕೈಗೆ ಹೊಡೀತಿದ್ರಂತೆ."

ಮುಂದಿನದನ್ನು ನಾನು ಹೇಗೆ ಬರೆಯಲಿ? ಇಡೀ ಕಣ ಅತ್ತಿತು, ನಕ್ಕಿತು. ನಮ್ಮ ಮನೆಯಾಕೆಯೂ ಬೆಳೆ ಹೋದದ್ದನ್ನು ಮರೆತು ತಂಗಿಯನ್ನು ಅಪ್ಪಿಕೊಂಡಳು. ಮುದುಕಿ ಕಣ್ಣೊರೆಸಿಕೊಂಡ ಮೇಲೆ ಕೇಳಿದ ಮೊದಲ ಪ್ರಶ್ನೆ, "ಅವಳೆಲ್ಲಿ? ಈ ವರ್ಷದ ಕೊಯ್ಲಿಗೂ ತಪ್ಪಿಸ್ಕೊಂಡ್ಳಾ?" ಐರ್ಲೆಂಡ್ ಎಂದರೆ ಯಾರಿಗೂ ತಿಳಿಯಲಿಲ್ಲ. ಸಮುದ್ರದಾಚೆ, ಯಾವಾಗಲೂ ಮಳೆ, ಎಲ್ಲೆಲ್ಲೂ ಹುಲ್ಲು ಎಂದೆವು. ಅಷ್ಟು ಹುಲ್ಲಿದ್ದರೆ ಚಮರೀಮೃಗ ಎಷ್ಟಿವೆ ಎಂದು ಕೇಳಿದರು. ಒಂದೂ ಇಲ್ಲ ಎಂದದ್ದಕ್ಕೆ, ಅಮ್ಮ ನನ್ನ ಗಂಡನನ್ನು ನೋಡಿದ್ದ ಹಾಗೆಯೇ ನಮ್ಮನ್ನು ನೋಡಿದರು.

ಆ ಸಂಜೆ ಅದೇ ಮನೆಯ ಒಲೆಯ ಮುಂದೆ ನಮ್ಮ ಊಟ. ನಾನು ತಂಗಿಯನ್ನು ತಿವಿದೆ. "ಕೇಳೇ. ಬಂದಿರೋದೇ ಅದಕ್ಕೆ." ಅವಳು ಬಟ್ಟಲು ಕೆಳಗಿಟ್ಟು, ತಲೆ ತಗ್ಗಿಸಿ, ದೊಡ್ಡಮ್ಮನನ್ನು ಕೇಳಿದಳು. ಮುದುಕಿ ಬಹಳ ಹೊತ್ತು ಮಾತಾಡಿದಳು. ಒಮ್ಮೆ ಬಾಗಿಲ ಕಡೆ ಕೈ ತೋರಿಸಿದಳು, ಒಮ್ಮೆ ತನ್ನ ಕಾಲನ್ನು ತಟ್ಟಿಕೊಂಡಳು. ತಂಗಿಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಏನಂತೆ? ಏನಂತೆ?" ಅಂದೆ.

"ಅಮ್ಮನಿಗೆ ಮೊದ್ಲು ಹೇಳ್ತೀನಿ ಅಕ್ಕಾ. ಆಮೇಲೆ ನಿಮಗೆ. ನಿಮ್ಮ ಬಾಯಲ್ಲಿ ನಿಲ್ಲಲ್ಲ."

ಎಂಥ ಅವಮಾನ! ನನ್ನ ಗಂಟಿನಿಂದ ಸಿಕ್ಕಿದ ಮನೆ, ನನಗೇ ಉತ್ತರವಿಲ್ಲ. ಮಾರನೆಯ ದಿನ ಅವಳ ದೊಡ್ಡಮ್ಮನ ಹೊಲ ಕೊಯ್ಯುವಾಗ ಕೇಳಿದೆ, ಅದರ ಮಾರನೆಯ ದಿನವೂ ಕೇಳಿದೆ, ಕಣಿವೆ ಹತ್ತುವಾಗ ಉಸಿರು ಸಿಕ್ಕಿದಾಗಲೆಲ್ಲ ಕೇಳಿದೆ. ಅವಳು ಹೆಜ್ಜೆ ಜೋರು ಮಾಡಿದಳು. ನೆಟ್‌ವರ್ಕ್ ಸಿಕ್ಕ ಮೊದಲ ಊರಿನಲ್ಲಿ ಅಮ್ಮನಿಗೆ ಫೋನ್ ಮಾಡಿದಳು. ಮನೆ ಸಿಕ್ಕಿತು, ನಿನ್ನ ಅಕ್ಕ ಬದುಕಿದ್ದಾರೆ ಎಂಬಷ್ಟನ್ನು ತಮ್ಮ ಭಾಷೆಯಲ್ಲಿ ಹೇಳಿದಳು. ಆ ಕಡೆಯಿಂದ ಅಮ್ಮ ಏನೋ ಗಟ್ಟಿಯಾಗಿ ಹೇಳಿದರು. ಆಮೇಲೆ ಫೋನನ್ನು ನನ್ನ ಕೈಗೆ ಕೊಡಲು ಹೇಳಿದರಂತೆ.

"ನಾ ಕೇಳಿದ್ದಕ್ಕೆ ಉತ್ತರ ಫೋನಲ್ಲಿ ಬ್ಯಾಡ ಅಂದೆ ಕಣವ್ವ. ಒಳ್ಳೇದೋ ಕೆಟ್ಟದ್ದೋ, ಮುಖ ನೋಡ್ಕೊಂಡು ಕೇಳ್ಬೇಕು," ಅಂದರು. ಆ ದನಿಯಲ್ಲಿದ್ದ ಹೆದರಿಕೆಯನ್ನು ನಾನು ಅವರಲ್ಲಿ ಅದುವರೆಗೆ ಕೇಳಿರಲಿಲ್ಲ.

ಡಬ್ಲಿನ್‌ನಲ್ಲಿ ಇಳಿದಾಗ ಮಳೆ. ಮನೆ ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ಅಮ್ಮ ಬಾಗಿಲಲ್ಲಿರಲಿಲ್ಲ, ಅಡುಗೆಮನೆಯ ಮೇಜಿನ ಮುಂದೆ, ತಲೆ ಬಾಚಿಕೊಂಡು, ಹಬ್ಬದ ಉಡುಪು ಹಾಕಿಕೊಂಡು ಕೂತಿದ್ದರು. ಬೆಳಗ್ಗೆಯಿಂದ ಹಾಗೇ ಕೂತಿದ್ದಾರೆ ಎಂದು ನನ್ನ ಗಂಡ ಪಿಸುಗುಟ್ಟಿದರು. ತಂಗಿ ಓಡಿ ಹೋಗಿ ದೊಡ್ಡಮ್ಮನ ವೀಡಿಯೋ ತೋರಿಸಲು ಫೋನ್ ತೆಗೆದಳು. ಅಮ್ಮ ಅದನ್ನು ಪಕ್ಕಕ್ಕೆ ಸರಿಸಿದರು.

"ಅದು ಆಮೇಲೆ. ಮೊದ್ಲು ಕೇಳಿದ್ದಕ್ಕೆ ಹೇಳು. ಕನ್ನಡದಲ್ಲೇ ಹೇಳು. ಇವಳೂ ಕಾದವಳೇ, ಪಾಪ."

ತಂಗಿ ಅವರ ಎದುರು ಮೊಣಕಾಲೂರಿ ಕೂತು ಎರಡೂ ಕೈ ಹಿಡಿದುಕೊಂಡಳು.

"ತಾತ ಹುಡುಕಿದ್ರಂತೆ ಅಮ್ಮಾ. ಹಿಮ ಕರಗೋವರೆಗೂ ಕಾಯ್ಲಿಲ್ವಂತೆ. ಕೆಳಗೆ ಇಳಿದು ಸಂತೆ ಸಂತೆಯಲ್ಲಿ ಕೇಳಿದ್ರಂತೆ. ಸಿಗ್ಲಿಲ್ಲ. ಮುಂದಿನ ಚಳಿಗಾಲ ಮತ್ತೆ ಹೋದ್ರಂತೆ. ಅದರ ಮುಂದಿನ ಚಳಿಗಾಲಾನೂ. ಒಟ್ಟು ಮೂರು ಸಲ. ಕೊನೇ ಸಲ ರೈಲ್ವೆ ಸ್ಟೇಷನ್ ತನಕ ಹೋಗಿ, ಯಾವ ರೈಲು ಹತ್ಬೇಕು ಅಂತ ಗೊತ್ತಾಗ್ದೆ, ಎರಡು ದಿನ ಅಲ್ಲೇ ಕೂತಿದ್ದು ವಾಪಸ್ ಬಂದ್ರಂತೆ."

ಅಮ್ಮ ಮಗಳ ಮುಖವನ್ನೇ ನೋಡುತ್ತಿದ್ದರು. ನಾನು ಸಿಂಕಿಗೆ ಒರಗಿ ನಿಂತು ಅಳುತ್ತಿದ್ದೆ, ನಾಚಿಕೆಯೇನೂ ಇಲ್ಲ.

"ಮೂರ್ ಸಲವಾ?" ಅಂದರು ಅಮ್ಮ.

"ಮೂರ್ ಸಲ."

ಅವರ ಮುಖ ಅರಳಿತು, ಅಳುವೂ ಬಂತು. ಎರಡನ್ನೂ ತಡೆದುಕೊಂಡು, ಗದರಿಸುವಂತೆ ನನ್ನ ಕಡೆ ತಿರುಗಿದರು.

"ನಮ್ಮಪ್ಪನ್ ಮಂಡಿ ಸರಿ ಇರ್ಲಿಲ್ಲ ಕಣವ್ವ. ಹೊಲಕ್ ಹೋಗ್ಬಂದ್ರೇ ಅಯ್ಯಪ್ಪಾ ಅಂತ ಕೂತ್ಕೋತಿದ್ದ. ಅಂಥಾ ಕಾಲಿಟ್ಕೊಂಡು ಮೂರ್ ಸಲ ಯಾಕ್ ಬಂದ? ಒಂದ್ ಸಲ ಬಂದಿದ್ರೆ ಸಾಕಾಗಿತ್ತು ನಂಗೆ."